ಲಿನಕ್ಸ್ ಫೈರ್‌ವಾಲ್‌ಗೆ ಯಾವ ನೆಟ್‌ವರ್ಕ್ ಕಾರ್ಡ್? ಡಬ್ಬಿ ಬಿಡಿ, ಚಿಪ್ ನೋಡಿ

"ಹಳೇ ಕಂಪ್ಯೂಟರ್ ಒಂದಿದೆ, ಅದಕ್ಕೆ ಲಿನಕ್ಸ್ ಹಾಕಿ ಫೈರ್‌ವಾಲ್ ಮಾಡಬೇಕು ಅಂತಿದ್ದೀನಿ. ಯಾವ ನೆಟ್‌ವರ್ಕ್ ಕಾರ್ಡ್ ತಗೊಳ್ಳಲಿ?" ಈ ಪ್ರಶ್ನೆ ನನಗೆ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು ಇದ್ದಾರೆ, ಸಣ್ಣ ಕಚೇರಿ ನಡೆಸುವವರಿದ್ದಾರೆ, ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡುತ್ತಿರುವವರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಕಳಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಮೇಜಿನ ಮೇಲಿನ ಕಂಪ್ಯೂಟರಿನ ಕಾರ್ಡ್ ಅರೆಕ್ಷಣ ತಡವರಿಸಿದರೆ ಒಂದು ಪುಟ ನಿಧಾನವಾಗಿ ತೆರೆದುಕೊಳ್ಳುತ್ತದೆ, ಅಷ್ಟೇ. ಫೈರ್‌ವಾಲ್‌ನ ಕಾರ್ಡ್ ತಡವರಿಸಿದರೆ ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ. ಮೇಲಾಗಿ ಆ ಪೆಟ್ಟಿಗೆ ಅಟ್ಟದ ಮೇಲೋ ಬೀರುವಿನ ಹಿಂದೆಯೋ ಇರುತ್ತದೆ. ಅದಕ್ಕೆ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಹಾಗಾಗಿ ಇಲ್ಲಿ ವೇಗಕ್ಕಿಂತ ಮುಖ್ಯವಾದದ್ದು ವರ್ಷಗಟ್ಟಲೆ ಮುಟ್ಟದೆ ನಡೆಯುವ ಗುಣ. ಆ ಗುಣ ಡಬ್ಬಿಯ ಮೇಲಿನ ಕಂಪನಿ ಹೆಸರಿನಿಂದ ಬರುವುದಿಲ್ಲ. ಒಳಗಿರುವ ಚಿಪ್ ಮತ್ತು ಆ ಚಿಪ್‌ಗೆ ಲಿನಕ್ಸ್‌ನಲ್ಲಿರುವ ಡ್ರೈವರ್, ಇವೆರಡರಿಂದ ಬರುತ್ತದೆ.

ಮುಂದೆ ಬರುವ ಕೆಲವು ಪದಗಳನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ರೂಟರ್ ಎಂದರೆ ಒಂದು ಜಾಲದಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವ ಯಂತ್ರ. ದಾಟಿಸುವ ಮುನ್ನ "ನೀನು ಹೋಗಬಹುದು, ನೀನು ಬೇಡ" ಎಂದು ತೀರ್ಮಾನಿಸುವುದು ಫೈರ್‌ವಾಲ್. ಸಾಮಾನ್ಯವಾಗಿ ಎರಡೂ ಕೆಲಸ ಒಂದೇ ಪೆಟ್ಟಿಗೆಯಲ್ಲಿ ನಡೆಯುತ್ತದೆ. ಪ್ಯಾಕೆಟ್ ಎಂದರೆ ಜಾಲದಲ್ಲಿ ಓಡಾಡುವ ಮಾಹಿತಿಯ ಒಂದು ತುಂಡು. ಕರ್ನಲ್ ಲಿನಕ್ಸ್‌ನ ತಿರುಳು. ಡ್ರೈವರ್ ಎಂದರೆ ಕರ್ನಲ್‌ಗೆ ಆ ಚಿಪ್‌ನ ಭಾಷೆ ಕಲಿಸುವ ತಂತ್ರಾಂಶ. ವ್ಯಾನ್ ಎಂದರೆ ಇಂಟರ್ನೆಟ್ ಬರುವ ಹೊರಗಿನ ಕಡೆ, ಲ್ಯಾನ್ ಎಂದರೆ ನಿಮ್ಮ ಒಳಗಿನ ಕಡೆ.

ಆಜ್ಞೆಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಮುಖ್ಯವಾದ ಕಡೆ ಹೇಳಿದ್ದೇನೆ.

ಹಂತ 1: ಎಷ್ಟು ಪೋರ್ಟ್, ಎಷ್ಟು ವೇಗ ಬೇಕು?

ಕನಿಷ್ಠ ಎರಡು ಪೋರ್ಟ್ (ಕೇಬಲ್ ಚುಚ್ಚುವ ತೂತು) ಬೇಕು, ವ್ಯಾನ್‌ಗೆ ಒಂದು, ಲ್ಯಾನ್‌ಗೆ ಒಂದು. ಮೂರನೆಯದು ಇದ್ದರೆ ಅತಿಥಿಗಳ ವೈಫೈಗೋ, ಏನಾದರೂ ಕೆಟ್ಟಾಗ ಲ್ಯಾಪ್‌ಟಾಪ್ ಚುಚ್ಚಿ ಒಳಹೋಗುವುದಕ್ಕೋ ಆಗುತ್ತದೆ. ವಿಎಲ್ಯಾನ್ (ಒಂದೇ ತಂತಿಯಲ್ಲಿ ಹಲವು ಜಾಲಗಳನ್ನು ಬೇರೆ ಬೇರೆಯಾಗಿ ಓಡಿಸುವ ವಿಧಾನ) ಗೊತ್ತಿರುವ ಸ್ವಿಚ್ (ಹಲವು ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ) ಇದ್ದರೆ ಒಂದೇ ಪೋರ್ಟಿನಲ್ಲಿ ಎರಡೂ ಕೆಲಸ ಮಾಡಿಸಬಹುದು, ನಿಜ. ಆದರೆ ಮೊದಲ ಸಲ ಮಾಡುವವರಿಗೆ ಅದನ್ನು ನಾನು ಹೇಳುವುದಿಲ್ಲ. ಸ್ವಿಚ್‌ನಲ್ಲಿ ಒಂದು ಸಣ್ಣ ತಪ್ಪಾದರೂ ಹೊರಗಿನ ಜಾಲ ಒಳಗಿನದಕ್ಕೆ ಅಂಟಿಕೊಂಡುಬಿಡುತ್ತದೆ.

ವೇಗದ ವಿಷಯದಲ್ಲಿ ಬಹಳ ಜನ ಬೇಕಾದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾರೆ. ನಿಮ್ಮ ಫೈಬರ್ ಯೋಜನೆ 100 ಅಥವಾ 300 ಎಂಬಿಪಿಎಸ್ ಇದ್ದರೆ ಗಿಗಾಬಿಟ್ ಕಾರ್ಡ್ ಧಾರಾಳವಾಗಿ ಸಾಕು. ಇಂಟರ್ನೆಟ್ಟೇ ಗಿಗಾಬಿಟ್ ದಾಟಿದ್ದರೆ, ಅಥವಾ ಒಳಗಿನ ಎರಡು ಜಾಲಗಳ ನಡುವೆ ದೊಡ್ಡ ಕಡತಗಳು ಫೈರ್‌ವಾಲ್ ಮೂಲಕವೇ ಓಡಾಡುತ್ತಿದ್ದರೆ ಮಾತ್ರ 2.5 ಗಿಗಾಬಿಟ್ ಯೋಚಿಸಿ.

ಆದರೆ ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಫೈರ್‌ವಾಲ್‌ಗೆ ಭಾರವಾಗುವುದು ಬಿಟ್‌ಗಳ ಲೆಕ್ಕವಲ್ಲ, ಪ್ಯಾಕೆಟ್‌ಗಳ ಲೆಕ್ಕ. ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿ ಪ್ಯಾಕೆಟ್‌ನ ತಲೆಪಟ್ಟಿ ಓದಿ ನಿಯಮಗಳೊಂದಿಗೆ ಹೋಲಿಸಲೇಬೇಕು. ಗಿಗಾಬಿಟ್ ತಂತಿಯೊಂದರಲ್ಲಿ 1518 ಬೈಟ್‌ನ ದೊಡ್ಡ ಫ್ರೇಮ್‌ಗಳು (ತಂತಿಯ ಮೇಲೆ ಹೋಗುವಾಗ ಪ್ಯಾಕೆಟ್ ತೊಡುವ ರೂಪ) ಸೆಕೆಂಡಿಗೆ ಸುಮಾರು 81 ಸಾವಿರ ಹಿಡಿಸುತ್ತವೆ. ಅದೇ ತಂತಿಯಲ್ಲಿ 64 ಬೈಟ್‌ನ ಪುಟ್ಟ ಫ್ರೇಮ್‌ಗಳಾದರೆ 14 ಲಕ್ಷ 88 ಸಾವಿರ! ಸಿನಿಮಾ ಇಳಿಸಿಕೊಳ್ಳುವಾಗ ಚೆನ್ನಾಗಿದ್ದ ಕಾರ್ಡ್, ಪುಟ್ಟ ಪ್ಯಾಕೆಟ್‌ಗಳು ಒಟ್ಟಿಗೆ ನುಗ್ಗಿದಾಗ ಏದುಸಿರು ಬಿಡುವುದು ಇದೇ ಕಾರಣಕ್ಕೆ. ಒಳ್ಳೆಯ ಚಿಪ್ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿಕೊಂಡು ಪ್ರೊಸೆಸರನ್ನು ಕರೆಯುತ್ತದೆ, ಕೆಲಸವನ್ನು ಪ್ರೊಸೆಸರಿನೊಳಗಿನ ಹಲವು ಕೋರ್‌ಗಳಿಗೆ ಹಂಚುತ್ತದೆ. ಕಳಪೆ ಚಿಪ್ ಎಲ್ಲವನ್ನೂ ಒಂದೇ ಕೋರ್‌ನ ತಲೆಗೆ ಕಟ್ಟುತ್ತದೆ.

ಹಂತ 2: ಪೆಟ್ಟಿಗೆ ತೆರೆದು ಸ್ಲಾಟ್ ನೋಡಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಕಂಪ್ಯೂಟರಿನ ಮುಚ್ಚಳ ತೆಗೆಯಿರಿ. ಒಳಗೆ ಕಾರ್ಡ್ ಕೂರಿಸಲು ಇರುವುದು ಹಳೆಯ ಪಿಸಿಐ ಸ್ಲಾಟೋ, ಪಿಸಿಐ ಎಕ್ಸ್‌ಪ್ರೆಸ್ಸೋ ನೋಡಿ. ಹಳೆಯ ಪಿಸಿಐ ಸಾಮಾನ್ಯವಾಗಿ ಬಿಳಿ ಬಣ್ಣದ್ದು, ಉದ್ದನೆಯದು. ಅದರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 133 ಮೆಗಾಬೈಟ್, ಅದನ್ನೂ ಎಲ್ಲ ಸ್ಲಾಟ್‌ಗಳು ಹಂಚಿಕೊಳ್ಳಬೇಕು. ಗಿಗಾಬಿಟ್ ಪೋರ್ಟ್ ಒಂದೇ ಹೋಗುವ ಬರುವ ಎರಡೂ ದಿಕ್ಕಿಗೆ ಸೇರಿ 250 ಮೆಗಾಬೈಟ್ ಕೇಳುತ್ತದೆ. ಹಾಗಾಗಿ ಪಿಸಿಐ ಸ್ಲಾಟ್ ಮಾತ್ರ ಇರುವ ಯಂತ್ರವನ್ನು ಈ ಕೆಲಸಕ್ಕೆ ಬಿಟ್ಟುಬಿಡಿ.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಅತಿ ಚಿಕ್ಕದಾದ ಒಂದು ಲೇನ್‌ನ, ಅಂದರೆ ಮಾಹಿತಿ ಓಡುವ ಒಂದೇ ಹಾದಿಯ, ಸ್ಲಾಟೂ, ಮೊದಲ ಪೀಳಿಗೆಯದಾದರೂ, ಒಂದೊಂದು ದಿಕ್ಕಿಗೆ 250 ಮೆಗಾಬೈಟ್ ಕೊಡುತ್ತದೆ. ಒಂದು ಗಿಗಾಬಿಟ್ ಪೋರ್ಟಿಗೆ ಸಾಕು. ಎರಡು ಅಥವಾ ನಾಲ್ಕು ಪೋರ್ಟಿನ ಕಾರ್ಡ್‌ಗಳು ಸಾಮಾನ್ಯವಾಗಿ ನಾಲ್ಕು ಲೇನ್‌ನವು. ಅವನ್ನು ಗ್ರಾಫಿಕ್ಸ್ ಕಾರ್ಡ್‌ಗೆಂದು ಇರುವ 16 ಲೇನ್‌ನ ಉದ್ದ ಸ್ಲಾಟಿನಲ್ಲಿ ಕೂರಿಸಬಹುದು. ಕೆಲವು ಹಳೆಯ ಮದರ್‌ಬೋರ್ಡ್‌ಗಳು ಆ ಸ್ಲಾಟಿನಲ್ಲಿ ಗ್ರಾಫಿಕ್ಸ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಕೊಳ್ಳುವಾಗ ವಾಪಸ್ ಕೊಡುವ ಅವಕಾಶ ಇಟ್ಟುಕೊಳ್ಳಿ.

ಎಚ್ಚರಿಕೆ: ಆಫೀಸುಗಳಿಂದ ಹೊರಬಂದ ಸಣ್ಣ ಡೆಸ್ಕ್‌ಟಾಪ್‌ಗಳು, ಅಂದರೆ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳ ತೆಳು ಮಾದರಿಗಳು, ಅರ್ಧ ಎತ್ತರದ ಕಾರ್ಡ್‌ಗಳನ್ನಷ್ಟೇ ಹಿಡಿಸುತ್ತವೆ. ಕಾರ್ಡ್ ಅರ್ಧ ಎತ್ತರದ್ದೇ ಆಗಿದ್ದರೂ ಅದಕ್ಕೆ ತಿರುಪಿನಿಂದ ಜೋಡಿಸಿರುವ ಲೋಹದ ಪಟ್ಟಿ ಉದ್ದದ್ದಾಗಿದ್ದರೆ ಮುಚ್ಚಳ ಹಾಕಲಾಗುವುದಿಲ್ಲ. ಕೊಳ್ಳುವಾಗಲೇ ಗಿಡ್ಡ ಪಟ್ಟಿಯನ್ನೂ ಕೇಳಿ ಪಡೆಯಿರಿ, ಆಮೇಲೆ ಅದೊಂದನ್ನೇ ಹುಡುಕುವುದು ದೊಡ್ಡ ತಲೆನೋವು. ಪಟ್ಟಿ ಬಿಚ್ಚಿ ಕಾರ್ಡನ್ನು ಹಾಗೇ ನಿಲ್ಲಿಸುವವರನ್ನು ನೋಡಿದ್ದೇನೆ. ಕೇಬಲ್ ಎಳೆದಾಗಲೆಲ್ಲ ಕಾರ್ಡ್ ಸ್ಲಾಟಿನಲ್ಲಿ ಓರೆಯಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಯುಎಸ್‌ಬಿಗೆ ಚುಚ್ಚುವ ಈಥರ್ನೆಟ್ ಅಡಾಪ್ಟರ್ ಸಾಲದೇ ಎಂದೂ ಕೇಳುತ್ತಾರೆ. ತುರ್ತಿಗೆ, ಪರೀಕ್ಷೆಗೆ ಸರಿ. ಹಗಲೂ ರಾತ್ರಿ ನಡೆಯಬೇಕಾದ ಫೈರ್‌ವಾಲ್‌ಗೆ ಬೇಡ. ಯುಎಸ್‌ಬಿ ಒಮ್ಮೆ ಕಳಚಿ ಮತ್ತೆ ಅಂಟಿದರೆ ಕರ್ನಲ್‌ನ ಕಣ್ಣಿಗೆ ಅದು ಹೊಸ ಕಾರ್ಡ್.

ಹಂತ 3: ಚಿಪ್ ಆರಿಸುವುದು

ಇಡೀ ಲೇಖನದ ಜೀವ ಇಲ್ಲಿದೆ, ನಿಧಾನವಾಗಿ ಓದಿ.

ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಆ ಚಿಪ್‌ನ ಡ್ರೈವರ್ ಲಿನಕ್ಸ್ ಕರ್ನಲ್‌ನ ಮೂಲದಲ್ಲೇ ಇರಬೇಕು, ಬಹಳ ವರ್ಷಗಳಿಂದ ಇರಬೇಕು, ಹೆಚ್ಚು ಸರ್ವರ್‌ಗಳಲ್ಲಿ ಓಡಿ ಪಳಗಿರಬೇಕು. ತಯಾರಕರ ತಾಣದಿಂದ ಇಳಿಸಿ ನೀವೇ ಕಟ್ಟಿಕೊಳ್ಳಬೇಕಾದ ಡ್ರೈವರ್ ಇಂದು ಕೆಲಸ ಮಾಡಬಹುದು. ಆದರೆ ಭದ್ರತಾ ತಿದ್ದುಪಡಿಗೆಂದು ಕರ್ನಲ್ ಬದಲಾದ ದಿನ ಅದು ಕಟ್ಟಿಕೊಳ್ಳದೆ ಉಳಿದರೆ ಯಂತ್ರ ಮತ್ತೆ ಎದ್ದಾಗ ಪೋರ್ಟೇ ಇರುವುದಿಲ್ಲ. ನೆಟ್‌ವರ್ಕ್ ಇಲ್ಲದ ಫೈರ್‌ವಾಲ್‌ಗೆ ಡ್ರೈವರ್ ಇಳಿಸುವುದಾದರೂ ಹೇಗೆ?

ಈ ಅಳತೆಯಲ್ಲಿ ಮೊದಲು ನಿಲ್ಲುವುದು ಇಂಟೆಲ್‌ನ ಐಜಿಬಿ ಡ್ರೈವರ್ ಬಳಸುವ ಗಿಗಾಬಿಟ್ ಚಿಪ್‌ಗಳು: ಐ350, ಐ210, ಐ211, ಮತ್ತು ಅವಕ್ಕೂ ಹಳೆಯವಾದ 82576, 82580. ನನ್ನನ್ನು ಕೇಳಿದರೆ ಕಣ್ಣುಮುಚ್ಚಿ ಹೇಳುವುದು ಐ350 ಚಿಪ್‌ನ ಎರಡು ಅಥವಾ ನಾಲ್ಕು ಪೋರ್ಟಿನ ಕಾರ್ಡ್. ಒಂದೊಂದು ಪೋರ್ಟಿಗೂ ಎಂಟು ಕ್ಯೂಗಳಿವೆ. ಕ್ಯೂ ಎಂದರೆ ಪ್ಯಾಕೆಟ್‌ಗಳು ನಿಲ್ಲುವ ಸಾಲು. ರೇಷನ್ ಅಂಗಡಿಯಲ್ಲಿ ಒಂದೇ ಕಿಟಕಿ ಇರುವುದಕ್ಕೂ ಎಂಟು ಕಿಟಕಿ ಇರುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು. ಐ210ಗೆ ನಾಲ್ಕು, ಐ211ಗೆ ಎರಡು. ಮನೆಗೆ ಐ211 ಕೂಡ ಸಾಕು. ಈ ಚಿಪ್‌ಗಳಿಗೆ ಪ್ರತ್ಯೇಕ ಫರ್ಮ್‌ವೇರ್ ಕಡತವೂ (ಚಿಪ್‌ನೊಳಗೆ ತುಂಬುವ ತಂತ್ರಾಂಶ) ಬೇಕಿಲ್ಲ. ಅನುಸ್ಥಾಪನೆ ಮಾಡುವಾಗಲೇ ಪೋರ್ಟ್ ಜೀವಂತವಾಗಿರುತ್ತದೆ.

ಇ1000ಇ ಡ್ರೈವರಿನ ಚಿಪ್‌ಗಳಲ್ಲಿ ಸ್ವಲ್ಪ ನೋಡಿ ಆರಿಸಬೇಕು. 82571ಇಬಿ ಹಳೆಯದಾದರೂ ಗಟ್ಟಿ. 82574ಎಲ್ ಒಳ್ಳೆಯದೇ, ಆದರೆ ವಿದ್ಯುತ್ ಉಳಿಸುವ ಎಎಸ್‌ಪಿಎಂ ಎಂಬ ಸೌಲಭ್ಯದೊಂದಿಗೆ ಅದಕ್ಕೆ ಜಗಳ ಇತ್ತು. 2013ರಲ್ಲಿ ಇದೇ ಚಿಪ್ ಇದ್ದ ಕೆಲವು ಮದರ್‌ಬೋರ್ಡ್‌ಗಳು ಒಂದು ನಿರ್ದಿಷ್ಟ ಬಗೆಯ ಪ್ಯಾಕೆಟ್ ಬಂದರೆ ಸತ್ತಂತೆ ಬಿದ್ದುಬಿಡುತ್ತಿದ್ದದ್ದು ದೊಡ್ಡ ಸುದ್ದಿಯಾಯಿತು. ತಪ್ಪು ಚಿಪ್‌ನದಾಗಿರಲಿಲ್ಲ, ಬೋರ್ಡ್ ತಯಾರಿಸುವಾಗ ಅದರ ಈಪ್ರಾಮ್‌ಗೆ (ಚಿಪ್‌ನ ಸಂರಚನೆ ಉಳಿಸುವ ಪುಟ್ಟ ನೆನಪು) ತುಂಬಿದ್ದ ಮಾಹಿತಿ ತಪ್ಪಿತ್ತು. ಚಿಪ್ ಒಳ್ಳೆಯದಾದರೆ ಸಾಲದು, ಅದನ್ನು ಕೂರಿಸಿದವರ ಕೈಯೂ ಒಳ್ಳೆಯದಿರಬೇಕು ಎಂಬುದಕ್ಕೆ ಇದನ್ನು ಹೇಳಿದೆ. ಇನ್ನು ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಬರುವ ಐ219: ಭಾರ ಹೆಚ್ಚಾದಾಗ "ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್" ಎಂದು ದಾಖಲೆ ಬರೆದು ಕೆಲಹೊತ್ತು ಸುಮ್ಮನಾಗುವ ಚಾಳಿ ಇದಕ್ಕಿದೆ. ಟಿಎಸ್‌ಒ ಎಂಬ ಸೌಲಭ್ಯ ಬಂದ್ ಮಾಡಿದರೆ ಎಷ್ಟೋ ಕಡೆ ಸರಿಹೋಗುತ್ತದೆ. ಅದು ಹೇಗೆಂದು ಆರನೇ ಹಂತದಲ್ಲಿದೆ.

2.5 ಗಿಗಾಬಿಟ್‌ನವು ಐಜಿಸಿ ಡ್ರೈವರಿನವು, ಐ225 ಮತ್ತು ಐ226. ಐ225ರ ಮೊದಲ ಆವೃತ್ತಿಗಳಲ್ಲಿ ಎರಡು ಪ್ಯಾಕೆಟ್‌ಗಳ ನಡುವೆ ಇರಬೇಕಾದ ಅಂತರದಲ್ಲೇ ದೋಷವಿತ್ತು, 2.5 ಗಿಗಾಬಿಟ್‌ನಲ್ಲಿ ಪ್ಯಾಕೆಟ್ ಕಳೆದುಹೋಗುತ್ತಿದ್ದವು. ಬಿ3 ಎಂಬ ಆವೃತ್ತಿಯಲ್ಲಿ ಅದು ಸರಿಯಾಯಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಐ225 ಸಿಕ್ಕರೆ ಆವೃತ್ತಿ ಗೊತ್ತಾಗದೆ ಕೊಳ್ಳಬೇಡಿ, ಐ226 ಕೇಳಿ. ಐ226ರಲ್ಲೂ ಇಇಇ ಎಂಬ ವಿದ್ಯುತ್ ಉಳಿತಾಯದ ಸೌಲಭ್ಯ ಚಾಲೂ ಇದ್ದರೆ ಲಿಂಕ್ (ಕೇಬಲ್‌ನ ಎರಡು ತುದಿಗಳ ನಡುವಿನ ಸಂಪರ್ಕ) ಬಿದ್ದು ಏಳುವ ದೂರುಗಳಿವೆ, ಆ ಸೌಲಭ್ಯ ಬಂದ್ ಮಾಡಿಡುವುದು ಲೇಸು.

ರಿಯಲ್‌ಟೆಕ್ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಅಗ್ಗದ ಕಾರ್ಡ್‌ಗಳಲ್ಲೂ ಮದರ್‌ಬೋರ್ಡ್‌ಗಳಲ್ಲೂ ಹೆಚ್ಚಾಗಿ ಇರುವುದು ಇದರ 8111 ಅಥವಾ 8168. ಇದರ ಕೆಟ್ಟ ಹೆಸರಿನಲ್ಲಿ ಒಂದು ಪಾಲು ಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯ ಲೋಕದಿಂದ ಬಂದದ್ದು. ಪಿಎಫ್‌ಸೆನ್ಸ್, ಆಪ್ನ್‌ಸೆನ್ಸ್ ಎಂಬ ಸಿದ್ಧ ಫೈರ್‌ವಾಲ್ ತಂತ್ರಾಂಶಗಳೆರಡೂ ಫ್ರೀಬಿಎಸ್‌ಡಿ ಮೇಲೆ ನಿಂತಿವೆ, ಲಿನಕ್ಸ್ ಅಲ್ಲ. ಅಲ್ಲಿನ ಡ್ರೈವರ್ ಬೇರೆ, ಅನುಭವ ಬೇರೆ. ಲಿನಕ್ಸ್‌ನ ಆರ್8169 ಡ್ರೈವರ್ ಇತ್ತೀಚಿನ ವರ್ಷಗಳಲ್ಲಿ ಬಹಳ ಸುಧಾರಿಸಿದೆ. 100 ಎಂಬಿಪಿಎಸ್‌ನ ಮನೆಗೆ ಅದು ನಡೆಯುತ್ತದೆ. ಆದರೂ ದಿನವಿಡೀ ಭಾರ ಬೀಳುವ ಕಡೆ ನಾನು ಅದನ್ನು ಹಾಕುವುದಿಲ್ಲ. ಒಂದು ಕಚೇರಿಯಲ್ಲಿ ದಿನಕ್ಕೊಮ್ಮೆ, ಎಲ್ಲರೂ ಕೆಲಸದಲ್ಲಿರುವ ಹೊತ್ತಿಗೇ ಜಾಲ ನಿಲ್ಲುತ್ತಿತ್ತು. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ. ಕೊನೆಗೆ ಕರ್ನಲ್ ದಾಖಲೆ ತೆರೆದರೆ ಪ್ರತಿದಿನವೂ ಅದೇ ಸಾಲು: "ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್". ಕಳಿಸು ಎಂದು ಕೊಟ್ಟ ಪ್ಯಾಕೆಟನ್ನು ಕಾರ್ಡ್ ಕಳಿಸದೇ ಕೂತಿದೆ ಎಂದು ಅದರರ್ಥ. ಕಾರ್ಡ್ ಬದಲಿಸಿದ ಮೇಲೆ ಆ ಸಾಲು ಮತ್ತೆ ಬರಲಿಲ್ಲ. ನಿಮ್ಮ ಮದರ್‌ಬೋರ್ಡ್‌ನಲ್ಲಿ ರಿಯಲ್‌ಟೆಕ್ ಇದ್ದರೆ ಎಸೆಯಬೇಕಿಲ್ಲ. ವ್ಯಾನ್, ಲ್ಯಾನ್ ಎರಡನ್ನೂ ಇಂಟೆಲ್‌ನ ಎರಡು ಪೋರ್ಟ್‌ಗೆ ಕೊಟ್ಟು, ರಿಯಲ್‌ಟೆಕ್ ಪೋರ್ಟನ್ನು ದುರಸ್ತಿಯ ಬಾಗಿಲಾಗಿ ಇಟ್ಟುಕೊಳ್ಳಿ.

ಬ್ರಾಡ್‌ಕಾಮ್‌ನ ಸರ್ವರ್ ಚಿಪ್‌ಗಳೂ ಒಳ್ಳೆಯವೇ. ಟಿಜಿ3 ಡ್ರೈವರಿನ 5719, 5720 ಸಿಕ್ಕರೆ ತೆಗೆದುಕೊಳ್ಳಬಹುದು. ಬಿಎನ್‌ಎಕ್ಸ್2 ಡ್ರೈವರಿನ 5709ಗೆ ಫರ್ಮ್‌ವೇರ್ ಕಡತ ಬೇಕು. ಡೆಬಿಯನ್ ಎಂಬ ಲಿನಕ್ಸ್‌ನ 12ನೇ ಆವೃತ್ತಿಯಿಂದ ಅನುಸ್ಥಾಪನೆಯ ಇಮೇಜ್ ಕಡತದಲ್ಲೇ ಇಂಥ ಫರ್ಮ್‌ವೇರ್ ಸೇರಿರುವುದರಿಂದ ಮೊದಲಿನಷ್ಟು ಕಷ್ಟವಿಲ್ಲ. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳಿಗೆಂದೇ ಮಾಡಿದ ಲಿನಕ್ಸ್) ಹಾಕುವವರು ಮಾತ್ರ ತಮ್ಮ ಚಿಪ್‌ನ ಡ್ರೈವರ್ ಇಮೇಜ್‌ನೊಳಗೇ ಇದೆಯೇ, ಬೇರೆ ಪ್ಯಾಕೇಜ್ ಆಗಿ ಹಾಕಬೇಕೇ ಎಂದು ಮೊದಲೇ ನೋಡಿಕೊಳ್ಳಿ.

10 ಗಿಗಾಬಿಟ್ ಕಾರ್ಡ್‌ಗಳು ಸರ್ವರ್‌ನ ಬಿರುಗಾಳಿಯಂಥ ಫ್ಯಾನ್‌ಗಳ ನಡುವೆ ಇರಲೆಂದು ಮಾಡಿದವು. ಸಣ್ಣ ಪೆಟ್ಟಿಗೆಯಲ್ಲಿ ಸುಮ್ಮನೆ ಕೂರಿಸಿದರೆ ಕುದಿಯುತ್ತವೆ, ಬೇಕೇ ಬೇಕೆಂದರೆ ಫ್ಯಾನ್ ಸೇರಿಸಿ. ಇಂಟೆಲ್ ಎಕ್ಸ್520 ತನಗೆ ಗೊತ್ತಿಲ್ಲದ ಕಂಪನಿಯ ಫೈಬರ್ ಮಾಡ್ಯೂಲ್‌ಗಳನ್ನು ಒಪ್ಪದೆ ತಿರಸ್ಕರಿಸುತ್ತದೆ ಎಂಬುದೂ ನೆನಪಿರಲಿ.

ಹಂತ 4: ಕೊಳ್ಳುವುದು

ಹೊಸ ಅಗ್ಗದ ಕಾರ್ಡಿಗಿಂತ ಸರ್ವರ್‌ನಿಂದ ಬಿಚ್ಚಿದ ಹಳೆಯ ಕಾರ್ಡ್ ಮೇಲು. ಬೆಂಗಳೂರಿನಲ್ಲಿರುವವರಿಗೆ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ, ಉಳಿದವರು ಆನ್‌ಲೈನ್‌ನಲ್ಲಿ ಹುಡುಕಬೇಕು. ಹುಡುಕುವಾಗ ಇಂಟೆಲ್ ಹೆಸರೊಂದನ್ನೇ ಹಿಡಿದು ಕೂರಬೇಡಿ. ದೊಡ್ಡ ಸರ್ವರ್ ಕಂಪನಿಗಳು ಅದೇ ಚಿಪ್ ಹಾಕಿ ತಮ್ಮ ಹೆಸರಿನಲ್ಲಿ ಕಾರ್ಡ್ ಮಾರಿವೆ. ಎಚ್‌ಪಿಯ ಎನ್‌ಸಿ360ಟಿ ಮತ್ತು ಎನ್‌ಸಿ364ಟಿ ಒಳಗಿರುವುದು ಇಂಟೆಲ್ 82571ಇಬಿ, ಎನ್‌ಸಿ365ಟಿ ಒಳಗೆ 82580, 361ಟಿ ಮತ್ತು 366ಟಿ ಒಳಗೆ ಐ350. ಅದೇ ಎಚ್‌ಪಿಯ 331ಟಿ ಮಾತ್ರ ಬ್ರಾಡ್‌ಕಾಮ್ 5719. ಹೆಸರು ಒಂದೇ ಮನೆಯದಾದರೂ ಹೊಟ್ಟೆಯೊಳಗಿನದು ಬೇರೆ ಬೇರೆ. ಇಂಥ ಕಾರ್ಡ್‌ಗಳು ಸಾಮಾನ್ಯ ಕಂಪ್ಯೂಟರಿನಲ್ಲೂ ನಡೆಯುತ್ತವೆ, ಇಂಟೆಲ್ ಹೆಸರಿನವಕ್ಕಿಂತ ಅಗ್ಗವಾಗಿಯೂ ಸಿಗುವುದುಂಟು.

ಇನ್ನೊಂದು ಲಾಭವಿದೆ. ಇಂಟೆಲ್ ಹೆಸರಿನ ನಾಲ್ಕು ಪೋರ್ಟಿನ ಕಾರ್ಡ್‌ಗಳಿಗೆ ನಕಲಿ ಹಾವಳಿ ಜಾಸ್ತಿ. ಹೊಚ್ಚ ಹೊಸ ಕಾರ್ಡ್ ಅನುಮಾನ ಬರುವಷ್ಟು ಕಡಿಮೆ ಬೆಲೆಗೆ ಸಿಗುತ್ತಿದ್ದರೆ ನಿಲ್ಲಿ. ಮ್ಯಾಕ್ ವಿಳಾಸ, ಅಂದರೆ ಪ್ರತಿ ಪೋರ್ಟಿನ ಹುಟ್ಟುಗುರುತಿನ ಸಂಖ್ಯೆ ಮುದ್ರಿಸಿದ ಚೀಟಿ ಕಾರ್ಡಿನ ಮೇಲೆ ಇದೆಯೇ? ಲಿನಕ್ಸ್ ತೋರಿಸುವ ಮ್ಯಾಕ್ ಅದಕ್ಕೆ ಹೊಂದುತ್ತದೆಯೇ? ಎರಡು ಕಾರ್ಡ್ ಕೊಂಡಿದ್ದರೆ ಎರಡಕ್ಕೂ ಒಂದೇ ಮ್ಯಾಕ್ ಇಲ್ಲ ತಾನೇ? ಮುದ್ರಣ ಮಸುಕಾಗಿದ್ದು ಬೆಸುಗೆ ಗಲೀಜಾಗಿದ್ದರೆ ವಾಪಸ್ ಕೊಡಿ.

ಹಳೆಯ ಕಾರ್ಡನ್ನು ಕೈಗೆ ತೆಗೆದುಕೊಂಡಾಗ ಮೊಬೈಲ್ ಟಾರ್ಚ್ ಹಾಕಿ ಪೋರ್ಟಿನೊಳಗೆ ನೋಡಿ. ಎಂಟು ತಂತಿಗಳೂ ಒಂದೇ ಸಾಲಿನಲ್ಲಿ, ಒಂದೇ ಬಾಗಿನಲ್ಲಿ ಇರಬೇಕು. ಒಂದು ತಗ್ಗಿದ್ದರೂ ಗಿಗಾಬಿಟ್ ಲಿಂಕ್ ಬರುವುದಿಲ್ಲ. ಕರಾವಳಿಯಿಂದ ಬಂದ ಸಾಮಾನಾದರೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಸ್ಲಾಟಿಗೆ ಹೋಗುವ ಚಿನ್ನದ ಬಣ್ಣದ ಅಂಚು ಕಪ್ಪಾಗಿದ್ದರೆ ಬೇಡ.

ಹಂತ 5: ಕೂರಿಸುವುದು, ಗುರುತಿಸುವುದು, ಹೆಸರಿಡುವುದು

ಕರೆಂಟ್ ತೆಗೆದು, ಕೈಯಿಂದ ಪೆಟ್ಟಿಗೆಯ ಲೋಹ ಮುಟ್ಟಿ, ಆಮೇಲೆ ಕಾರ್ಡ್ ಹಿಡಿಯಿರಿ. ಪೂರ್ತಿ ಒತ್ತಿ ಕೂರಿಸಿ ತಿರುಪು ಬಿಗಿಯಿರಿ.

ಯಂತ್ರ ಎದ್ದ ಮೇಲೆ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ ಕೊಡಿ. ಈಥರ್ನೆಟ್ ಎಂದಿರುವ ಸಾಲಿನ ಕೊನೆಗೆ ಚೌಕ ಕಂಸದಲ್ಲಿ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ತಯಾರಕರ ಗುರುತು. 8086 ಇದ್ದರೆ ಇಂಟೆಲ್, 1978ರ ಅದರ ಪ್ರಸಿದ್ಧ ಪ್ರೊಸೆಸರ್‌ನ ಸಂಖ್ಯೆಯೇ ಇದು. 10ಇಸಿ ಇದ್ದರೆ ರಿಯಲ್‌ಟೆಕ್. ಎರಡನೆಯದು ಚಿಪ್‌ನ ಗುರುತು: 8086:1521 ಎಂದರೆ ಐ350, 8086:1533 ಎಂದರೆ ಐ210, 8086:1539 ಎಂದರೆ ಐ211. ಮಾರಿದವರು ಏನೇ ಹೇಳಿರಲಿ, ನಿಮ್ಮ ಕೈಯಲ್ಲಿರುವುದು ಏನೆಂದು ಈ ಸಂಖ್ಯೆ ಹೇಳುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಯಾವ ಡ್ರೈವರ್ ಹಿಡಿದಿದೆ ಎಂದೂ ಇರುತ್ತದೆ.

ಈಗ ಯಾವ ತೂತು ಯಾವ ಹೆಸರಿನದು? ಇದಕ್ಕೆ ಊಹೆ ಬೇಡ. ಈಥ್‌ಟೂಲ್ ಆಜ್ಞೆಗೆ ಸಣ್ಣ ಪಿ ಆಯ್ಕೆ, ಪೋರ್ಟಿನ ಹೆಸರು, 10 ಎಂಬ ಸಂಖ್ಯೆ ಕೊಡಿ. ಹತ್ತು ಸೆಕೆಂಡು ಆ ಪೋರ್ಟಿನ ದೀಪ ಮಿಣುಕುತ್ತದೆ. ಹಿಂದಕ್ಕೆ ಬಗ್ಗಿ ನೋಡಿ, ಅಲ್ಲೇ ಒಂದು ಚೂರು ಟೇಪ್ ಅಂಟಿಸಿ "ವ್ಯಾನ್" ಎಂದು ಬರೆಯಿರಿ. ಇನ್ನೊಂದಕ್ಕೆ "ಲ್ಯಾನ್". ಎರಡು ವರ್ಷದ ನಂತರ ಫೋನಿನಲ್ಲಿ ಯಾರಿಗೋ "ಬಲಗಡೆ ಕೇಬಲ್ ತೆಗೆದು ಹಾಕಿ" ಎನ್ನಬೇಕಾದಾಗ ಈ ಟೇಪಿನ ಬೆಲೆ ಗೊತ್ತಾಗುತ್ತದೆ.

ಎಚ್ಚರಿಕೆ, ಇದು ದೊಡ್ಡದು: ಲಿನಕ್ಸ್ ತಾನೇ ಕೊಡುವ ಇಎನ್‌ಪಿ2ಎಸ್0ಯಂಥ ಹೆಸರು, ಕಾರ್ಡ್ ಯಾವ ಸ್ಥಾನದಲ್ಲಿದೆ ಎಂಬುದರ ಮೇಲೆ ನಿಂತಿದೆ. ಇನ್ನೊಂದು ಕಾರ್ಡ್ ಸೇರಿಸಿದರೆ ಸ್ಥಾನಗಳ ಎಣಿಕೆ ಜರುಗಿ ನಿನ್ನೆಯ ಪಿ2 ಇಂದು ಪಿ3 ಆಗಬಹುದು. ನಿಯಮಗಳು ಹಳೆಯ ಹೆಸರಿಗೇ ಅಂಟಿಕೊಂಡಿರುತ್ತವೆ. ಆಗ ಇಂಟರ್ನೆಟ್ ನಿಂತರೆ ನಿಮ್ಮ ಅದೃಷ್ಟ. ಒಳಗಿನ ಪೋರ್ಟಿಗೆ ಬರೆದ ಸಡಿಲ ನಿಯಮ ಹೊರಗಿನ ಪೋರ್ಟಿಗೆ ಅನ್ವಯವಾದರೆ ಬಾಗಿಲು ತೆರೆದಿಟ್ಟು ಮಲಗಿದಂತೆ. ಆದ್ದರಿಂದ ಸಿಸ್ಟಮ್‌ಡಿ (ಲಿನಕ್ಸ್ ಏಳುವಾಗ ಸೇವೆಗಳನ್ನು ಹಚ್ಚುವ ವ್ಯವಸ್ಥೆ) ಓದುವ ಲಿಂಕ್ ಕಡತದಲ್ಲಿ ಪ್ರತಿ ಪೋರ್ಟಿನ ಮ್ಯಾಕ್ ವಿಳಾಸ ಬರೆದು ವ್ಯಾನ್0, ಲ್ಯಾನ್0 ಎಂದು ನೀವೇ ಹೆಸರಿಡಿ. ನಿಯಮಗಳಲ್ಲಿ ಆ ಹೆಸರುಗಳನ್ನೇ ಬಳಸಿ.

ಹಂತ 6: ಬೇಕಾದಷ್ಟೇ ತಿದ್ದಿ

ಅಲ್ಲಿ ಇಲ್ಲಿ ಓದಿದ ಇಪ್ಪತ್ತು ಬದಲಾವಣೆಗಳನ್ನು ಒಟ್ಟಿಗೆ ಮಾಡಬೇಡಿ. ಒಳ್ಳೆಯ ಚಿಪ್ ಇದ್ದಂತೆಯೇ ನಡೆಯುತ್ತದೆ. ತೊಂದರೆ ಕಂಡರೆ ಒಂದೊಂದೇ ಬದಲಿಸಿ, ಒಂದು ದಿನ ಕಾದು ನೋಡಿ.

ಕಾರ್ಡ್ ಸುಮ್ಮನಾಗುವ ದಾಖಲೆ ಬಂದರೆ ಈಥ್‌ಟೂಲ್‌ನ ದೊಡ್ಡ ಕೆ ಆಯ್ಕೆಯಿಂದ ಟಿಎಸ್‌ಒ ಬಂದ್ ಮಾಡಿ. ದೊಡ್ಡ ಮಾಹಿತಿಯನ್ನು ತುಂಡು ಮಾಡುವ ಕೆಲಸವನ್ನು ಪ್ರೊಸೆಸರ್ ಬದಲು ಕಾರ್ಡಿಗೇ ಒಪ್ಪಿಸುವ ಸೌಲಭ್ಯವದು. ಲಿಂಕ್ ಬಿದ್ದು ಏಳುತ್ತಿದ್ದರೆ ಸೆಟ್-ಇಇಇ ಆಯ್ಕೆಯಿಂದ ಇಇಇ ಬಂದ್ ಮಾಡಿ. ಕಾರ್ಡ್ ಪೂರ್ತಿ ಮಾಯವಾಗುತ್ತಿದ್ದರೆ ಕರ್ನಲ್‌ಗೆ ಪಿಸಿಐಇ_ಎಎಸ್‌ಪಿಎಂ=ಆಫ್ ಎಂದು ಕೊಟ್ಟು ನೋಡಿ. ಎಲ್‌ಆರ್‌ಒ ಎಂಬುದೊಂದಿದೆ, ಬಂದ ಪ್ಯಾಕೆಟ್‌ಗಳನ್ನು ಅಂಟಿಸಿ ದೊಡ್ಡದು ಮಾಡುತ್ತದೆ. ದಾಟಿಸುವ ಯಂತ್ರಕ್ಕೆ ಅದು ಸಲ್ಲದು. ರೂಟಿಂಗ್ ಚಾಲೂ ಮಾಡಿದಾಗ ಕರ್ನಲ್ಲೇ ಅದನ್ನು ಬಂದ್ ಮಾಡುತ್ತದೆ, ನೀವು ಮತ್ತೆ ಹಚ್ಚಬೇಡಿ. ಅದೇ ಕೆಲಸವನ್ನು ಮತ್ತೆ ಬಿಡಿಸಲು ಬರುವಂತೆ ಮಾಡುವ ಜಿಆರ್‌ಒ ಮಾತ್ರ ಇರಲಿ.

ನಮ್ಮಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಇರುವವರಿಗೆ ಪಿಪಿಪಿಒಇ ಗೊತ್ತೇ ಇರುತ್ತದೆ, ಹೆಸರು ಮತ್ತು ಗುಪ್ತಪದ ಕೊಟ್ಟು ಒಳಹೋಗುವ ವಿಧಾನ. ಇದರಲ್ಲಿ ಬರುವ ಪ್ಯಾಕೆಟ್‌ಗಳಿಗೆ ಹೊರಗೊಂದು ಹೊದಿಕೆ ಇರುತ್ತದೆ. ಎಷ್ಟೋ ಕಾರ್ಡ್‌ಗಳು ಆ ಹೊದಿಕೆಯೊಳಗೆ ಇಣುಕಲಾರದೆ ಎಲ್ಲವನ್ನೂ ಮೊದಲ ಕ್ಯೂಗೇ ತಳ್ಳುತ್ತವೆ. ಎಂಟು ಕಿಟಕಿ ಇದ್ದರೂ ಜನರೆಲ್ಲ ಒಂದರ ಮುಂದೆಯೇ ನಿಂತಂತೆ. ಟಾಪ್ ಆಜ್ಞೆಯಲ್ಲಿ 1 ಒತ್ತಿ ಕೋರ್‌ಗಳನ್ನು ನೋಡಿ. ಒಂದರ "ಎಸ್‌ಐ" ಅಂಕಿ ಮಾತ್ರ ನೂರರ ಹತ್ತಿರವಿದ್ದು ಉಳಿದವು ಖಾಲಿ ಇದ್ದರೆ ಇದೇ ಕಾಯಿಲೆ. ಆರ್‌ಪಿಎಸ್ ಎಂಬ ಕರ್ನಲ್ ಸೌಲಭ್ಯ ಹಚ್ಚಿದರೆ ಕರ್ನಲ್ಲೇ ಕೆಲಸ ಹಂಚುತ್ತದೆ. ಪಿಪಿಪಿಒಇಯಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇರಬೇಕೆಂಬುದನ್ನೂ, ಎಂಎಸ್‌ಎಸ್ (ಅದರೊಳಗೆ ಹಿಡಿಸುವ ಮಾಹಿತಿಯ ಗರಿಷ್ಠ ಅಳತೆ) ಅನ್ನು ಅದಕ್ಕೆ ತಕ್ಕಂತೆ ಕಡಿತಗೊಳಿಸುವ ನಿಯಮವನ್ನೂ ಮರೆಯಬೇಡಿ. ಅದನ್ನು ಮರೆತರೆ ಕೆಲವು ತಾಣಗಳು ಮಾತ್ರ ತೆರೆಯುವುದಿಲ್ಲ, ನೀವು ಪಾಪದ ಕಾರ್ಡನ್ನು ಬೈಯುತ್ತೀರಿ.

ಹಂತ 7: ನಂಬುವ ಮೊದಲು ಪರೀಕ್ಷಿಸಿ

ಎರಡು ಲ್ಯಾಪ್‌ಟಾಪ್ ಬೇಕು, ಒಂದು ಹೊರಗಿನ ಪೋರ್ಟಿನ ಕಡೆ, ಒಂದು ಒಳಗಿನ ಕಡೆ. ಹೊರಗಿನದರಲ್ಲಿ ವೇಗ ಅಳೆಯುವ ಐಪರ್ಫ್3 ತಂತ್ರಾಂಶವನ್ನು ಸರ್ವರ್ ಆಗಿ, ಒಳಗಿನದರಲ್ಲಿ ಗ್ರಾಹಕನಾಗಿ ನಡೆಸಿ. ಫೈರ್‌ವಾಲ್‌ನ ಮೇಲೆಯೇ ಐಪರ್ಫ್ ನಡೆಸುವುದು ಬಹಳ ಜನ ಮಾಡುವ ತಪ್ಪು. ಆಗ ಪ್ಯಾಕೆಟ್ ದಾಟುವುದೇ ಇಲ್ಲ, ನಿಮಗೆ ಬೇಕಾದ ಪರೀಕ್ಷೆ ಆಗುವುದೇ ಇಲ್ಲ. ಗಿಗಾಬಿಟ್‌ನಲ್ಲಿ ಸುಮಾರು 940 ಎಂಬಿಪಿಎಸ್ ಬಂದರೆ ತಂತಿ ತುಂಬಿದಂತೆ. ದಿಕ್ಕು ತಿರುಗಿಸುವ ದೊಡ್ಡ ಆರ್ ಆಯ್ಕೆಯಿಂದ ಉಲ್ಟಾ ಕೂಡ ನೋಡಿ.

ಆಮೇಲೆ ಒಂದು ಇಡೀ ದಿನ ಓಡಲು ಬಿಡಿ, ಸಮಯ 86400 ಸೆಕೆಂಡು. ಮರುದಿನ ಬಂದು ಈಥ್‌ಟೂಲ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಲೆಕ್ಕಗಳನ್ನು ಓದಿ. ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್‌ಗಳ) ಅಂಕಿ ಏರುತ್ತಿದ್ದರೆ ಮೊದಲು ಕೇಬಲ್ ಅನುಮಾನಿಸಿ. ಮಿಸ್ಡ್ ಎಂಬುದು ಏರುತ್ತಿದ್ದರೆ ಪ್ಯಾಕೆಟ್ ಬಂದಿದೆ, ಎತ್ತಿಕೊಳ್ಳಲು ಪ್ರೊಸೆಸರ್‌ಗೆ ಪುರಸತ್ತಿಲ್ಲ ಎಂದರ್ಥ. ಕರ್ನಲ್ ದಾಖಲೆಯಲ್ಲಿ ವಾಚ್‌ಡಾಗ್, ಹ್ಯಾಂಗ್, ರಿಸೆಟ್ ಎಂಬ ಪದಗಳನ್ನು ಹುಡುಕಿ. ಒಂದು ಸಲ ಕಂಡರೂ ಆ ಕಾರ್ಡ್ ಕೆಲಸಕ್ಕೆ ಬೇಡ.

ಕೊನೆಯದು ನಮ್ಮ ಊರಿನ ಪರೀಕ್ಷೆ: ಕರೆಂಟಿನ ಸ್ವಿಚ್ ಆರಿಸಿ, ಹಚ್ಚಿ. ಹತ್ತು ಸಲ. ಕರೆಂಟ್ ಹೋಗಿ ಬಂದಾಗ ಯಂತ್ರ ತಾನೇ ಎದ್ದು, ಎಲ್ಲ ಪೋರ್ಟ್‌ಗಳೂ ಸರಿಯಾದ ಹೆಸರಿನಲ್ಲಿ, ಪೂರ್ಣ ವೇಗದಲ್ಲಿ ಬರುತ್ತವೆಯೇ ನೋಡಿ. ತಾನೇ ಏಳುವ ಆಯ್ಕೆ ಬಯೋಸ್‌ನಲ್ಲಿದೆ.

ಹಂತ 8: ಕೇಬಲ್, ಸಿಡಿಲು, ಬದಲಿ ಕಾರ್ಡ್

ಲಿಂಕ್ 1000ದ ಬದಲು 100ಕ್ಕೆ ಇಳಿದಿದ್ದರೆ ಹತ್ತಕ್ಕೆ ಎಂಟು ಸಲ ಕೇಬಲ್‌ನದೇ ತಪ್ಪು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬಿಟ್ಟು ಶುದ್ಧ ತಾಮ್ರದ್ದನ್ನೇ ಕೇಳಿ. ವೇಗವನ್ನು ಕೈಯಾರೆ ಬಿಗಿದು ಆಟೋ ನೆಗೋಷಿಯೇಷನ್ (ಎರಡು ತುದಿಗಳೂ ವೇಗವನ್ನು ತಾವೇ ಮಾತಾಡಿ ಒಪ್ಪಿಕೊಳ್ಳುವುದು) ಬಂದ್ ಮಾಡುವ ಹಳೆಯ ಅಭ್ಯಾಸವನ್ನೂ ಬಿಡಿ. ತಾಮ್ರದ ಗಿಗಾಬಿಟ್‌ಗೆ ಆ ಮಾತುಕತೆ ಕಡ್ಡಾಯ.

ಮಲೆನಾಡಿನವರಿಗೆ ವಿಶೇಷವಾಗಿ: ಫೈಬರ್ ಎಳೆಯ ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಫೈಬರ್ ಪೆಟ್ಟಿಗೆಗೆ ಕರೆಂಟ್ ಲೈನಿನಿಂದ ಬಂದ ಹೊಡೆತ, ಅಲ್ಲಿಂದ ತಾಮ್ರದ ಕೇಬಲ್ ಹಿಡಿದು ನಿಮ್ಮ ವ್ಯಾನ್ ಪೋರ್ಟಿಗೆ ಬರುತ್ತದೆ. ಆ ಪೆಟ್ಟಿಗೆ, ಫೈರ್‌ವಾಲ್ ಎರಡನ್ನೂ ಒಂದೇ ಯುಪಿಎಸ್‌ಗೆ, ಸರಿಯಾದ ಅರ್ಥಿಂಗ್ ಇರುವ ಸಾಕೆಟ್‌ಗೆ ಹಾಕಿ. ತೋಟದ ಮನೆಗೋ ಪಕ್ಕದ ಕಟ್ಟಡಕ್ಕೋ ತಾಮ್ರ ಎಳೆಯಬೇಡಿ, ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಹೊಂದಿಸುವ ಪೆಟ್ಟಿಗೆ) ಹಾಕಿ.

ಕೊಳ್ಳುವಾಗಲೇ ಅದೇ ಚಿಪ್‌ನ ಇನ್ನೊಂದು ಕಾರ್ಡ್ ಕೊಂಡು, ಹಂತ 7ರ ಪರೀಕ್ಷೆ ಅದಕ್ಕೂ ಮಾಡಿ, ಬಂದ ಸ್ಟ್ಯಾಟಿಕ್ ನಿರೋಧಕ ಚೀಲದಲ್ಲೇ ಹಾಕಿ ಫೈರ್‌ವಾಲ್ ಪೆಟ್ಟಿಗೆಯ ಪಕ್ಕ ಇಡಿ. ಚೀಲದ ಮೇಲೆ ಅದರ ಮ್ಯಾಕ್ ವಿಳಾಸಗಳನ್ನೂ, ಬದಲಿಸಿದ ಮೇಲೆ ಲಿಂಕ್ ಕಡತದಲ್ಲಿ ಯಾವ ಸಾಲು ತಿದ್ದಬೇಕು ಎಂಬುದನ್ನೂ ಬರೆದಿಡಿ. ಕೆಟ್ಟ ದಿನ ನೀವು ಊರಿನಲ್ಲಿ ಇಲ್ಲದಿದ್ದರೂ ಆ ಚೀಟಿ ಓದಿ ಇನ್ನೊಬ್ಬರು ಕೆಲಸ ಮುಗಿಸುತ್ತಾರೆ.